ಕ್ಷಾಮದ ಅನುಭವ ಮತ್ತು ಮುಕ್ತಿ ಸದನ: ಪಂಡಿತಾ ರಮಾಬಾಯಿ

ಪಂಡಿತಾ ರಮಾಬಾಯಿಯವರನ್ನು ಸ್ತ್ರೀಶಿಕ್ಷಣ ಮತ್ತು ಮತಾಂತರಗಳ ಚರ್ಚೆಯ ಚೌಕಟ್ಟಿನಲ್ಲಿಯೇ ನೋಡುವುದು ರೂಢಿಯಾಗಿದೆ. ಕ್ಷಾಮಪೀಡಿತರ ನಡುವೆ ಅವರು ಮಾಡಿದ ಕಾರ್ಯಕ್ಕೆ ಈ ಚರ್ಚೆಯಲ್ಲಿ ದೊರೆತಿರುವ ಸ್ಥಾನ ಅಲ್ಪ. ಆ ಕಾರ್ಯದ ಬೇರುಗಳಿರುವುದು ಅವರ ಬಾಲ್ಯದಲ್ಲಿ.

ಕಾರ್ಕಳ ಸೀಮೆಯ ಮಾಳ ಮೂಲದ ಅನಂತಶಾಸ್ತ್ರಿ ಡೋಂಗ್ರೆಯವರು ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಅವರು ನೆಲೆಸಿದ್ದಾಗ, 1858ರ ಏಪ್ರಿಲ್ 23ರಂದು ರಮಾಬಾಯಿ ಜನಿಸಿದರು. ಅತಿಥಿಸತ್ಕಾರದಿಂದಲೇ ಬಡವಾದ ಕುಟುಂಬವು ಕೆಲವೇ ತಿಂಗಳಲ್ಲಿ ಆ ನೆಲೆಯನ್ನು ತೊರೆಯಿತು. ಕೂಸು ಕೂಲಿಯಾಳಿನ ತಲೆಯ ಮೇಲಿನ ಬೆತ್ತದ ಪೆಟ್ಟಿಗೆಯಲ್ಲಿ ಘಟ್ಟವಿಳಿಯಿತು. ಮುಂದೆ ತೀರ್ಥಕ್ಷೇತ್ರಗಳಲ್ಲಿ ಪುರಾಣವಾಚನವೇ ಜೀವನೋಪಾಯವಾಯಿತು. 1870ರ ದಶಕದ ಕ್ಷಾಮದಲ್ಲಿ ಆ ಉಪಾಯವೂ ಸೋತಿತು. ಕೂಲಿ ಮಾಡಲು ಅರಿಯದ, ಬೇಡಲು ನಾಚುವ ಪಂಡಿತ ಕುಟುಂಬವು ಇದ್ದುದೆಲ್ಲವನ್ನೂ ಮಾರಿ, ಕೊನೆಗೆ ಕಾಡಿನ ಎಲೆ ತಿಂದು ದಿನ ಕಳೆಯಿತು. ತಂದೆ, ತಾಯಿ, ಅಕ್ಕ ಒಬ್ಬೊಬ್ಬರಾಗಿ ತೀರಿಕೊಂಡರು. ಉಳಿದ ಅಣ್ಣ ಶ್ರೀನಿವಾಸನೊಡನೆ ರಮಾಬಾಯಿ ಸಾವಿರಾರು ಮೈಲಿ ಕಾಲ್ನಡಿಗೆಯಲ್ಲಿ ಅಲೆದರು.

1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ನೀಡಿದ 'ಪಂಡಿತಾ', 'ಸರಸ್ವತಿ' ಬಿರುದುಗಳು, ವಿವಾಹ, 1882ರ ವೈಧವ್ಯ, 1883ರಲ್ಲಿ ಇಂಗ್ಲೆಂಡಿನಲ್ಲಿ ಸ್ವೀಕರಿಸಿದ ದೀಕ್ಷಾಸ್ನಾನ ಇವೆಲ್ಲ ಸುಪರಿಚಿತ. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಆರಂಭಿಸಿದ ಶಾರದಾ ಸದನವು ಮರುವರ್ಷ ಪುಣೆಗೆ ಸ್ಥಳಾಂತರಗೊಂಡಿತು. 1893ರಲ್ಲಿ ಮತಾಂತರದ ಆಕ್ಷೇಪವೆದ್ದು ರಾನಡೆ, ಭಂಡಾರಕರ ಮೊದಲಾದವರು ಸಲಹಾ ಮಂಡಳಿಯಿಂದ ಹೊರಬಂದರು. ಅನೇಕ ಪಾಲಕರು ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು.

1896-97ರಲ್ಲಿ ಮಧ್ಯಪ್ರಾಂತಗಳಲ್ಲಿ ಬರ ಬಿದ್ದಾಗ ರಮಾಬಾಯಿ ಸ್ವತಃ ಅಲ್ಲಿಗೆ ತೆರಳಿದರು. ಪರಿಹಾರಗೃಹಗಳಲ್ಲಿ ಆಶ್ರಯ ಪಡೆದ ತರುಣಿಯರಿಗೆ ಅಲ್ಲಿನ ಕಾವಲುಗಾರರಿಂದಲೇ ಅಪಾಯವಿತ್ತು. ಅನ್ನ ಕೊಟ್ಟ ಮಾತ್ರಕ್ಕೆ ನಿರಾಶ್ರಿತೆಗೆ ರಕ್ಷಣೆ ದೊರೆಯದೆಂಬುದನ್ನು ಕಂಡ ಅವರು ಸುಮಾರು 300 ಹೆಂಗಸರನ್ನೂ ಬಾಲಕಿಯರನ್ನೂ ಕರೆತಂದರು. ಪುಣೆಯಲ್ಲಿ ಪ್ಲೇಗ್ ಹಬ್ಬಿದ್ದರಿಂದ ಕೇಡಗಾಂವದ ಹೊಲವೇ ಅವರ ನೆಲೆಯಾಯಿತು. ಅದೇ ಮುಕ್ತಿ ಸದನ. 1900ರ ಗುಜರಾತ ಕ್ಷಾಮದ ತರುವಾಯ ಅಲ್ಲಿನ ನಿವಾಸಿಗಳ ಸಂಖ್ಯೆ 2,000ದ ಸಮೀಪಕ್ಕೆ ಏರಿತು.

ಸದನದ ದಿನಚರಿಯು ವಿಶೇಷವಾಗಿ ಪರಿಶೀಲನಾರ್ಹ. ಓದು-ಬರಹದ ಜೊತೆಗೆ ಬೇಸಾಯ, ಹೈನುಗಾರಿಕೆ, ನೇಯ್ಗೆ, ಹೊಲಿಗೆ, ಮುದ್ರಣಗಳನ್ನು ಅಲ್ಲಿ ಕಲಿಸಲಾಗುತ್ತಿತ್ತು. ಅಂಧರಿಗೆ ಬ್ರೈಲ್ ಶಿಕ್ಷಣವಿತ್ತು. ಇದನ್ನು ಮಿಷನರಿ ಮಾದರಿಯ ಅನುಕರಣೆಯೆಂದಷ್ಟೇ ಬಗೆಯುವುದು ಸರಿಯಲ್ಲ. ಶಾಸ್ತ್ರವೆಲ್ಲ ಕಂಠಸ್ಥವಿದ್ದೂ ಹಸಿವಿನಿಂದ ಕುಸಿದ ಕುಟುಂಬವೊಂದರ ಮಗಳು, ತನ್ನ ಆಶ್ರಿತೆಯರ ಕೈಗೆ ಕಸುಬು ಕೊಡಲು ಹಟ ಹಿಡಿದುದು ಸಹಜವೇ ಆಗಿತ್ತು. ಆದರೆ ಅನ್ಯತ್ರ ಆಶ್ರಯವೇ ಇಲ್ಲದ ಬಾಲಕಿಗೆ ಆಶ್ರಯದಾತೆಯ ಮತವನ್ನು ಒಪ್ಪದಿರುವ ಸ್ವಾತಂತ್ರ್ಯ ಎಷ್ಟರಮಟ್ಟಿಗೆ ಇದ್ದೀತು ಎಂಬ ಪ್ರಶ್ನೆಯೂ ಉಳಿಯುತ್ತದೆ. ಕರುಣೆಯನ್ನೂ ಕ್ರಿಸ್ತನನ್ನೂ ರಮಾಬಾಯಿ ಬೇರ್ಪಡಿಸಿ ನೋಡಲಿಲ್ಲ. 1893ರ ವಿವಾದವು ಅವರನ್ನು ಇನ್ನಷ್ಟು ದೃಢಗೊಳಿಸಿತೆಂದೇ ತೋರುತ್ತದೆ.

ಕೊನೆಯ ವರ್ಷಗಳನ್ನು ಅವರು ಹೀಬ್ರೂ, ಗ್ರೀಕ್ ಮೂಲಗಳಿಂದ ಬೈಬಲನ್ನು ಸರಳ ಮರಾಠಿಗೆ ತರುವುದಕ್ಕೆ ಮೀಸಲಿಟ್ಟರು. 1921ರಲ್ಲಿ ಮಗಳು ಮನೋರಮಾ ತೀರಿಕೊಂಡರು. 1922ರ ಏಪ್ರಿಲ್ 5ರಂದು ರಮಾಬಾಯಿ ನಿಧನರಾದರು. ಆ ಅನುವಾದವು 1924ರಲ್ಲಿ ಪ್ರಕಟವಾಯಿತು. ಅದನ್ನು ಮುದ್ರಿಸಿದವರು ಸದನದ ಹೆಣ್ಣುಮಕ್ಕಳು.