ಜಕಾರ್ತಾದ ಚಿನ್ನ ಗೆದ್ದುಕೊಟ್ಟ ಶಾಲಾ ಮಾಸ್ತರರು: ಸೈಯದ್ ಅಬ್ದುಲ್ ರಹೀಂ

ಸನ್ನತಿಯ ಆಸುಪಾಸಿನ ಚಿತ್ತಾಪುರ, ಸೇಡಂ, ಶಹಾಬಾದ್, ಚಿಂಚೋಳಿಗಳು 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಆ ರಾಜ್ಯದ ರಾಜಧಾನಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಮಾಸ್ತರರೊಬ್ಬರು ಭಾರತದ ಫುಟ್‌ಬಾಲ್‌ಗೆ ಅದರ ಅತ್ಯಂತ ಹೆಮ್ಮೆಯ ದಿನಗಳನ್ನು ತಂದುಕೊಟ್ಟರು. ಆಟಗಾರರೆಲ್ಲ ಗೌರವದಿಂದ ರಹೀಂ ಸಾಹೇಬರೆಂದು ಕರೆಯುತ್ತಿದ್ದ ಸೈಯದ್ ಅಬ್ದುಲ್ ರಹೀಂ ಅವರೇ ಆ ಮಾಸ್ತರರು.

1909ರ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಜನಿಸಿದ ಅವರು ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು. ಆಟವನ್ನೂ ಅವರು ಪಾಠದಂತೆಯೇ ಕಲಿಸಿದರು. ಎಡಗಾಲು ದುರ್ಬಲವಾಗಿದ್ದ ಹುಡುಗರಿಗೆ ಆ ಕಾಲಿನಿಂದ ಮಾತ್ರ ಆಡುವ ಪಂದ್ಯಗಳನ್ನು ಏರ್ಪಡಿಸಿದರು. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಓಡುವುದನ್ನು ನಿಷೇಧಿಸಿದ ಪಂದ್ಯಾವಳಿಗಳನ್ನೂ ನಡೆಸಿದರು. ಮೈಕಟ್ಟಿನಲ್ಲಿ ಪರದೇಶದವರಿಗೆ ಸರಿಗಟ್ಟಲಾರದ ನಮ್ಮ ಆಟಗಾರರು ವೇಗದಿಂದ, ಚುರುಕಾದ ಪಾಸ್‌ಗಳಿಂದ ಗೆಲ್ಲಬೇಕೆಂಬುದು ಅವರ ಲೆಕ್ಕಾಚಾರವಾಗಿತ್ತು.

ಅವರು ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಸತತ ಐದು ವರ್ಷ ಗೆದ್ದಿತು. 1950ರ ಡ್ಯೂರಾಂಡ್ ಕಪ್ಪಿನಲ್ಲಿ ಕಲ್ಕತ್ತೆಯ ಬಲಾಢ್ಯ ಮೋಹನ್ ಬಾಗಾನ್ ತಂಡವೂ ಈ ಪೊಲೀಸರಿಗೆ ಮಣಿಯಿತು. ಹೈದರಾಬಾದಿನಿಂದ ಮುಂಬಯಿಗೆ ಹೋಗುವ ರೈಲುದಾರಿ ಸೇಡಂ, ಚಿತ್ತಾಪುರ, ವಾಡಿಗಳ ಮೇಲೆಯೇ ಹಾಯುತ್ತದೆ ಎಂಬುದನ್ನು ಇಲ್ಲಿ ನೆನೆಯಬಹುದು.

ರಾಷ್ಟ್ರೀಯ ತಂಡದ ಹೊಣೆ ಹೊತ್ತ ಮೇಲೆ 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಬಂದಿತು. ಮರುವರ್ಷ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯ 10-1ರಿಂದ ಸೋಲಿಸಿದ್ದು ದೊಡ್ಡ ಪೆಟ್ಟು. ಆದರೆ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಇದೇ ಭಾರತ ನಾಲ್ಕನೆಯ ಸ್ಥಾನಕ್ಕೇರಿತು.

ಇವೆಲ್ಲಕ್ಕಿಂತ ಮಿಗಿಲಾದುದು 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟ. ಆ ಹೊತ್ತಿಗೆ ರಹೀಂ ಅವರನ್ನು ಕ್ಯಾನ್ಸರ್ ಹಿಡಿದಿತ್ತು. ಮೊದಲ ಪಂದ್ಯದಲ್ಲೇ ಭಾರತ ದಕ್ಷಿಣ ಕೊರಿಯಕ್ಕೆ 0-2ರಿಂದ ಸೋತಿತು. ಥಾಯ್ಲೆಂಡ್ ವಿರುದ್ಧ 4-1ರಿಂದ ಗೆದ್ದರೂ ರಕ್ಷಣೆಯ ಆಧಾರಸ್ತಂಭವಾಗಿದ್ದ ಜರ್ನೈಲ್ ಸಿಂಗ್ ಅವರ ತಲೆಗೆ ಗಾಯವಾಗಿ ಆರು ಹೊಲಿಗೆ ಬಿದ್ದವು. ಜಪಾನನ್ನು ಅವರಿಲ್ಲದೆಯೇ ಸೋಲಿಸಬೇಕಾಯಿತು.

ರಹೀಂ ಅವರ ಬುದ್ಧಿ ಬೆಳಗಿದ್ದು ಇಲ್ಲಿ. ಗಾಯಗೊಂಡ ರಕ್ಷಕನನ್ನು ಮನೆಗೆ ಕಳುಹಿಸದೆ ಮುಂಚೂಣಿಯಲ್ಲಿ, ಗೋಲು ಹೊಡೆಯುವ ಸ್ಥಾನದಲ್ಲಿ ನಿಲ್ಲಿಸಿದರು! ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧ 3-2ರ ಗೆಲುವಿನಲ್ಲಿ ಜರ್ನೈಲ್ ಗೋಲು ಹೊಡೆದರು.

ಫೈನಲ್‌ನಲ್ಲಿ ಮತ್ತೆ ಕೊರಿಯವೇ ಎದುರಾಯಿತು. 1956 ಮತ್ತು 1960ರ ಏಷ್ಯನ್ ಕಪ್ ಎರಡನ್ನೂ ಗೆದ್ದಿದ್ದ ತಂಡವದು. ಮೇಲಾಗಿ ಮೈದಾನದ ಹೊರಗಿನ ಗಾಳಿಯೂ ಭಾರತಕ್ಕೆ ಪ್ರತಿಕೂಲವಾಗಿತ್ತು. ಇಸ್ರೇಲ್ ಮತ್ತು ತೈವಾನ್ ಕ್ರೀಡಾಪಟುಗಳಿಗೆ ಇಂಡೊನೇಷ್ಯ ಪ್ರವೇಶ ನಿರಾಕರಿಸಿದ್ದನ್ನು ಭಾರತದ ಕ್ರೀಡಾ ಮುಖಂಡ ಜಿ.ಡಿ. ಸೋಂಧಿ ಪ್ರಶ್ನಿಸಿದ್ದರಿಂದ ಜನ ಕೆರಳಿದ್ದರು. ಭಾರತದ ರಾಯಭಾರ ಕಚೇರಿಯ ಮೇಲೆ ದಾಳಿಯೂ ನಡೆದಿತ್ತು. ಸೆಪ್ಟೆಂಬರ್ 4ರಂದು ಸುಮಾರು ಒಂದು ಲಕ್ಷ ಪ್ರೇಕ್ಷಕರ ಧಿಕ್ಕಾರದ ಕೂಗಿನ ನಡುವೆ ಚುನಿ ಗೋಸ್ವಾಮಿ ನಾಯಕತ್ವದ ತಂಡ ಕಣಕ್ಕಿಳಿಯಿತು. 17ನೆಯ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ ಗೋಲು ಹೊಡೆದರು. ಮೂರೇ ನಿಮಿಷಗಳ ಬಳಿಕ ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಜರ್ನೈಲ್ ಎರಡನೆಯದನ್ನು ಸೇರಿಸಿದರು. ಕೊರಿಯಕ್ಕೆ ಒಂದು ಗೋಲು ದಕ್ಕಿತಾದರೂ ಆಗಲೇ ಆಟ ಮುಗಿಯುವ ಹೊತ್ತಾಗಿತ್ತು. 2-1ರಿಂದ ಚಿನ್ನ ಭಾರತದ್ದಾಯಿತು. ಬೆಂಗಳೂರಿನ ಅರುಮೈನಾಯಗಂ ಕೂಡ ಈ ತಂಡದಲ್ಲಿದ್ದರೆಂಬುದು ಕನ್ನಡನಾಡಿಗೂ ಸಂತಸದ ಸಂಗತಿ.

ಅಲ್ಲಿಂದ ಒಂದು ವರ್ಷವೂ ಕಳೆಯಲಿಲ್ಲ. 1963ರ ಜೂನ್ 11ರಂದು, 53ನೆಯ ವಯಸ್ಸಿನಲ್ಲಿ ರಹೀಂ ನಿಧನರಾದರು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಆಮೇಲೆ ಭಾರತಕ್ಕೆ ಮತ್ತೆ ದೊರೆತಿಲ್ಲ. ಅವರ ಬದುಕನ್ನು ಆಧರಿಸಿದ ಹಿಂದಿ ಚಿತ್ರ ಮೈದಾನ್ ತೆರೆಗೆ ಬಂದದ್ದು 2024ರಲ್ಲಿ, ಅಂದರೆ ಅವರು ತೀರಿಕೊಂಡು ಆರು ದಶಕಗಳು ಕಳೆದ ಮೇಲೆ.

ಅವರ ಪುತ್ರ ಸೈಯದ್ ಶಾಹಿದ್ ಹಕೀಂ 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದರು. ತಂದೆಯೇ ತರಬೇತುದಾರರಾಗಿದ್ದರೂ ಅಲ್ಲಿ ಅವರಿಗೆ ಒಂದು ಪಂದ್ಯವನ್ನೂ ಆಡುವ ಅವಕಾಶ ಸಿಗಲಿಲ್ಲ. ಮುಂದೆ ವಾಯುಪಡೆಯ ಅಧಿಕಾರಿಯಾಗಿ, ಅಂತರರಾಷ್ಟ್ರೀಯ ರೆಫರಿಯಾಗಿ ಹೆಸರು ಮಾಡಿದ ಹಕೀಂ 2021ರ ಆಗಸ್ಟ್ 22ರಂದು ಕೊನೆಯುಸಿರೆಳೆದದ್ದು ನಮ್ಮ ಕಲಬುರಗಿಯಲ್ಲಿ.