ಆಲ್‌ಫ್ರೆಡ್ ಬಿನೆ: ಮಗುವಿನ ಬುದ್ಧಿಯ ಬೆಳವಣಿಗೆಯನ್ನರಸಿದ ಬಾಳು

ಜಕ್ಕಲಿಯ ಎರೆಹೊಲಗಳ ನಡುವೆ ಬೆಳೆದ ಹುಡುಗನು ಎತ್ತಿನ ನಡಿಗೆಯನ್ನು ಕಂಡೇ ಅದರ ಕಾಲಿನ ನೋವನ್ನು ಗುರುತಿಸಬಲ್ಲನು. ಅವನೇ ಪಾಟಿ ಹಿಡಿದು ಭಾಗಾಕಾರಕ್ಕೆ ತಡವರಿಸಿದನೆಂದರೆ ದಡ್ಡನೆಂಬ ಹೆಸರು ಹೊತ್ತು ಹಿಂದಿನ ಸಾಲಿಗೆ ಸರಿಯುತ್ತಾನೆ. ಇಂಥ ಹೆಸರನ್ನು ಮಗುವಿನ ತಲೆಗೆ ಕಟ್ಟುವ ಮುನ್ನ ಅದಕ್ಕೆ ಆಧಾರವೇನೆಂದು ಕೇಳಿದವರಲ್ಲಿ ಫ್ರಾನ್ಸ್ ದೇಶದ ಮನೋವಿಜ್ಞಾನಿ ಆಲ್‌ಫ್ರೆಡ್ ಬಿನೆಯವರು ಅಗ್ರಗಣ್ಯರು.

1857ರ ಜುಲೈ 8ರಂದು ನೀಸ್ ಪಟ್ಟಣದಲ್ಲಿ ಅವರ ಜನನವಾಯಿತು. ತಂದೆ ವೈದ್ಯರು. ತಂದೆತಾಯಿಗಳು ಬೇರ್ಪಟ್ಟುದರಿಂದ ಬಾಲಕನು ತಾಯಿಯ ಆಶ್ರಯದಲ್ಲಿ ಬೆಳೆದನು. ಕಾಯಿದೆಯ ಪದವಿ ಪಡೆದರೂ ವಕೀಲಿ ವೃತ್ತಿ ಮನಸ್ಸಿಗೆ ಹತ್ತಲಿಲ್ಲ. ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕುಳಿತು ಮನೋವಿಜ್ಞಾನವನ್ನು ತಾವೇ ಓದಿಕೊಂಡರು. ಮುಂದೆ ಸಾಲ್‌ಪೆತ್ರಿಯೇರ್ ಆಸ್ಪತ್ರೆಯಲ್ಲಿ ಸುಪ್ರಸಿದ್ಧ ವೈದ್ಯ ಶಾರ್ಕೋ ಅವರ ಬಳಿ ಸಂಮೋಹನದ ಪ್ರಯೋಗಗಳಲ್ಲಿ ತೊಡಗಿದರು. ರೋಗಿಯ ದೇಹದ ಒಂದು ಪಕ್ಕದ ಲಕ್ಷಣಗಳು ಅಯಸ್ಕಾಂತದಿಂದ ಇನ್ನೊಂದು ಪಕ್ಕಕ್ಕೆ ಸರಿಯುತ್ತವೆಂದು ಅವರೂ ಅವರ ಜೊತೆಗಾರ ಫೆರೆಯವರೂ ಸಾರಿದರು. ಬೆಲ್ಜಿಯಮಿನ ದೆಲ್‌ಬೂಫ್ ಅವರು ಇದನ್ನು ಪರೀಕ್ಷಿಸಿ, ರೋಗಿಯೆದುರಿನಲ್ಲಿ ಆಡಿದ ಮಾತುಗಳ ಸೂಚನೆಯೇ ಈ ಎಲ್ಲ ಪವಾಡದ ಮೂಲವೆಂದು ತೋರಿಸಿದಾಗ ಬಿನೆಯವರು ಕೆಲಕಾಲ ವಾದಿಸಿ ಕೊನೆಗೆ ತಮ್ಮ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡರು. ಹೆಸರು ಮಾಡತೊಡಗಿದ್ದ ತರುಣನಿಗೆ ಇದೇನು ಸಣ್ಣ ಪೆಟ್ಟಲ್ಲ. ಪ್ರಶ್ನೆ ಕೇಳುವವನು ತನಗರಿವಿಲ್ಲದಂತೆ ಉತ್ತರವನ್ನೂ ಹೇಳಿಕೊಟ್ಟುಬಿಡುತ್ತಾನೆಂಬ ಎಚ್ಚರ ಅಂದಿನಿಂದ ಅವರನ್ನು ಬಿಡಲಿಲ್ಲ.

ಆಸ್ಪತ್ರೆಯನ್ನು ತೊರೆದ ಬಿನೆಯವರಿಗೆ ಮನೆಯೇ ಪ್ರಯೋಗಶಾಲೆಯಾಯಿತು. ಭ್ರೂಣಶಾಸ್ತ್ರಜ್ಞ ಬಾಲ್ಬಿಯಾನಿಯವರ ಪುತ್ರಿ ಲೋರ್ ಅವರನ್ನು 1884ರಲ್ಲಿ ವಿವಾಹವಾಗಿದ್ದ ಅವರಿಗೆ ಮಾದ್ಲೆನ್, ಅಲೀಸ್ ಎಂಬ ಇಬ್ಬರು ಹೆಣ್ಣುಮಕ್ಕಳು. ಬಿಲ್ಲೆಗಳ ಎರಡು ಗುಂಪುಗಳನ್ನು ಪುಟ್ಟ ಮಗಳ ಮುಂದಿಟ್ಟು ಯಾವುದು ಹೆಚ್ಚೆಂದು ಕೇಳುವರು. ಎಣಿಸಲು ಬಾರದ ಕೂಸು ಆ ಬಿಲ್ಲೆಗಳು ಆಕ್ರಮಿಸಿದ ಜಾಗವನ್ನು ನೋಡಿ ನಿರ್ಣಯಿಸುತ್ತಿತ್ತು. ಬಿಲ್ಲೆ ದೊಡ್ಡದಾದರೆ ಸಂಖ್ಯೆಯೂ ಹೆಚ್ಚೆಂದೇ ಅದರ ಲೆಕ್ಕ. ವಸ್ತುವೊಂದು ಏನೆಂದು ಕೇಳಿದರೆ ಅದರ ಉಪಯೋಗವನ್ನು ಹೇಳುತ್ತಿತ್ತು. ಚಾಕುವೆಂದರೆ ಕೊಯ್ಯುವಂಥದು, ಅಷ್ಟೇ. ಮಗುವೆಂದರೆ ಕಡಿಮೆ ತಿಳಿದ ದೊಡ್ಡವರಲ್ಲ, ಅದರ ವಿಚಾರದ ರೀತಿಯೇ ಬೇರೆ ಎಂಬ ಅರಿವು ಇಲ್ಲಿ ಮೊಳೆಯಿತು. ಈ ಪ್ರಯೋಗಗಳು 1890ರಲ್ಲಿ ಪ್ರಕಟವಾದವು. ಒಂದೇ ಮನೆಯಲ್ಲಿ ಬೆಳೆದ ಅಕ್ಕತಂಗಿಯರ ವಿಚಾರದ ಹದ ಎಷ್ಟು ಭಿನ್ನವೆಂಬುದನ್ನು 1903ರ ಗ್ರಂಥದಲ್ಲಿ ವಿಸ್ತಾರವಾಗಿ ನಿರೂಪಿಸಿದರು.

1891ರಲ್ಲಿ ಸೋರ್ಬಾನ್ ವಿಶ್ವವಿದ್ಯಾಲಯದ ಪ್ರಯೋಗಶಾಲೆಯನ್ನು ಸಂಬಳವಿಲ್ಲದೆ ಸೇರಿ, ಕೆಲವೇ ವರ್ಷಗಳಲ್ಲಿ ಅದರ ನಿರ್ದೇಶಕರಾದರು. ಆದರೆ ಬಯಸಿದ ಪ್ರಾಧ್ಯಾಪಕ ಪೀಠ ಮಾತ್ರ ತಾಯ್ನಾಡಿನಲ್ಲಿ ಅವರಿಗೆ ಕೊನೆಯವರೆಗೂ ದಕ್ಕಲಿಲ್ಲ. ಬಿಡುವಿನಲ್ಲಿ ರಂಗಭೂಮಿಗಾಗಿ ಎದೆ ನಡುಗಿಸುವ ನಾಟಕಗಳನ್ನೂ ಬರೆದರೆಂಬುದು ಅವರ ಶಾಸ್ತ್ರಗ್ರಂಥಗಳನ್ನು ಮಾತ್ರ ಬಲ್ಲವರಿಗೆ ಬೆರಗು ತಂದೀತು.

ಫ್ರಾನ್ಸಿನಲ್ಲಿ 1882ರ ಕಾಯಿದೆಯಿಂದ 6ರಿಂದ 13 ವರ್ಷದ ಮಕ್ಕಳಿಗೆಲ್ಲ ಶಿಕ್ಷಣ ಕಡ್ಡಾಯವಾಗಿತ್ತು. ಎಲ್ಲರೂ ಶಾಲೆಗೆ ಬಂದ ಮೇಲೆ ಪಾಠ ಹಿಡಿಸದ ಮಕ್ಕಳ ಪ್ರಶ್ನೆ ಎದುರಾಯಿತು. 1904ರಲ್ಲಿ ಸರಕಾರ ನೇಮಿಸಿದ ಆಯೋಗದಲ್ಲಿ ಬಿನೆಯವರೂ ಸದಸ್ಯರು. ಮಗುವನ್ನು ವಿಶೇಷ ತರಗತಿಗೆ ಕಳಿಸುವುದೆಂದರೆ ಅದರ ಬಾಳಿನ ಮೇಲೆ ಮುದ್ರೆಯೊತ್ತಿದಂತೆ. ಗುರುಗಳ ಬೇಸರವೋ ವೈದ್ಯರ ಮೇಲುನೋಟವೋ ಅದನ್ನು ತೀರ್ಮಾನಿಸಬಾರದೆಂಬ ಕಾಳಜಿಯಿಂದ ಅವರು ತರುಣ ವೈದ್ಯ ಥಿಯೊಡೋರ್ ಸಿಮೋನರೊಡಗೂಡಿ 1905ರಲ್ಲಿ 30 ಪ್ರಶ್ನೆಗಳ ಮಾಪಕವೊಂದನ್ನು ರಚಿಸಿದರು. 1908ರಲ್ಲಿ ಅದನ್ನು 3ರಿಂದ 13ರವರೆಗಿನ ವಯಸ್ಸಿಗೆ ತಕ್ಕಂತೆ ಜೋಡಿಸಿದರು. 3 ವರ್ಷದ ಕೂಸು ಮೂಗು, ಕಣ್ಣು, ಬಾಯಿ ತೋರಿಸಬೇಕು. 5 ವರ್ಷದ್ದು ಚೌಕವನ್ನು ನೋಡಿ ಬರೆಯಬೇಕು. 8 ವರ್ಷದ್ದು 20ರಿಂದ ಹಿಂದು ಹಿಂದಾಗಿ ಎಣಿಸಬೇಕು. ಇವು ಕುಳಿತಲ್ಲಿ ಕಲ್ಪಿಸಿದ ಪ್ರಶ್ನೆಗಳಲ್ಲ. ಆಯಾ ವಯಸ್ಸಿನ ಬಹುಪಾಲು ಮಕ್ಕಳು ಉತ್ತರಿಸಬಲ್ಲರೆಂದು ಶಾಲೆಗಳಲ್ಲಿ ಕಂಡುಕೊಂಡವು.

ಬುದ್ಧಿಯು ಹುಟ್ಟಿನೊಡನೆ ಬಂದ, ಕದಲದ ಗಾತ್ರವೆಂಬ ವಾದವನ್ನು ಬಿನೆಯವರು 1909ರ ಪುಸ್ತಕದಲ್ಲಿ ಕಟುವಾಗಿಯೇ ಖಂಡಿಸಿದರು. ಪ್ಯಾರಿಸಿನ ಕಾರ್ಮಿಕರ ಕೇರಿಯ ಶಾಲೆಯೊಂದರಲ್ಲಿ ಪ್ರಯೋಗಶಾಲೆ ತೆರೆದು, ಹಿಂದುಳಿದ ಮಕ್ಕಳ ಅವಧಾನ, ಸ್ಮರಣೆಗಳನ್ನು ಬಲಪಡಿಸುವ ಮಾರ್ಗಗಳನ್ನು ಚಿಂತಿಸಿದರು. ವಿಗ್ರಹದಂತೆ ಅಲುಗಾಡದೆ ನಿಲ್ಲುವ ಆಟವೂ ಆ ಅಭ್ಯಾಸಗಳಲ್ಲೊಂದು. ಮಗು ಮೊದಲು ಸುಮ್ಮನಿರಲು, ಲಕ್ಷ್ಯಗೊಡಲು ಕಲಿಯಬೇಕು, ಅಂಕಗಣಿತ ಆಮೇಲೆ. ವರ್ಷದ ಕೊನೆಗೆ ಅಭ್ಯಾಸಕ್ರಮ ಮುಗಿಸುವ ಆತುರದಲ್ಲಿ ಈ ಕ್ರಮವನ್ನು ಮರೆಯದ ಶಾಲೆಗಳು ವಿರಳ.

1911ರಲ್ಲಿ ಮಾಪಕವನ್ನು ಮತ್ತೊಮ್ಮೆ ತಿದ್ದಿ, ಅದೇ ಅಕ್ಟೋಬರ್ 18ರಂದು 54ನೆಯ ವಯಸ್ಸಿನಲ್ಲಿ ಅವರು ಕಾಲವಶರಾದರು. ಮರುವರ್ಷ ಜರ್ಮನಿಯ ಸ್ಟರ್ನ್ ಅವರು ಮಾನಸಿಕ ವಯಸ್ಸನ್ನು ನಿಜವಯಸ್ಸಿನಿಂದ ಭಾಗಿಸುವ ಪದ್ಧತಿಯನ್ನು ತಂದರು. ಮುಂದೆ ಅದೇ ಬುದ್ಧಿಲಬ್ಧವೆನಿಸಿತು. ಅಮೆರಿಕೆಯ ಗೊಡಾರ್ಡ್ ಮೊದಲಾದವರು ಇದೇ ಮಾಪಕವನ್ನು ಹಿಡಿದು, ವಲಸೆಬಂದ ಬಡವರನ್ನು ಹುಟ್ಟುದಡ್ಡರೆಂದು ವಿಂಗಡಿಸಿದರು. ಸಹಾಯ ಬೇಕಾದವರನ್ನು ಹುಡುಕಲು ಮಾಡಿದ ಸಾಧನವು ಅವರನ್ನು ದೂರವಿಡಲು ಬಳಕೆಯಾದುದು ದುರ್ದೈವ. ಬಿನೆಯವರು ಬದುಕಿದ್ದರೆ ಖಂಡಿತ ಪ್ರತಿಭಟಿಸುತ್ತಿದ್ದರು.

ಇನ್ನೊಂದು ಬಳ್ಳಿಯೂ ಅದೇ ಬೇರಿನಿಂದ ಹಬ್ಬಿತು. ಮೊದಲ ಮಹಾಯುದ್ಧದ ತರುವಾಯ ಸ್ವಿಟ್ಜರ್ಲೆಂಡಿನ ತರುಣ ಜೀನ್ ಪಿಯಾಜೆಯವರು ಪ್ಯಾರಿಸಿಗೆ ಬಂದು, ಬಿನೆಯವರ ಆ ಶಾಲೆಯಲ್ಲಿಯೇ ಸಿಮೋನರ ಕೋರಿಕೆಯಂತೆ ಮಕ್ಕಳಿಗೆ ಪ್ರಶ್ನೆಗಳನ್ನು ಹಾಕತೊಡಗಿದರು. ಸರಿಯುತ್ತರಗಳ ಎಣಿಕೆಗಿಂತ ತಪ್ಪುತ್ತರಗಳ ಹಿಂದಿನ ತರ್ಕವೇ ಅವರನ್ನು ಸೆಳೆಯಿತು. ಬೌದ್ಧಿಕ ಬೆಳವಣಿಗೆಯ ಹಂತಗಳ ಅವರ ಸಿದ್ಧಾಂತಕ್ಕೆ ಅಂಕುರವಾದುದು ಅಲ್ಲಿಯೇ.

ಬಿನೆ ಮಾಪಕವು ನಮ್ಮ ಸೀಮೆಗೂ ಬಂದಿತು. ಅದರ ಅಮೆರಿಕನ್ ಪರಿಷ್ಕರಣೆಯ ಆಧಾರದ ಮೇಲೆ ವಿ. ವಿ. ಕಾಮತರು ಧಾರವಾಡದಲ್ಲಿ ಸಾವಿರಕ್ಕೂ ಮಿಕ್ಕಿ ಮಕ್ಕಳನ್ನು ಪರೀಕ್ಷಿಸಿ ಕನ್ನಡ, ಮರಾಠಿ ಭಾಷೆಗಳಿಗೆ ಅದನ್ನು ಹೊಂದಿಸಿದರು. ಪ್ಯಾರಿಸಿನ ಮಗು ಎಣಿಸಿದ ಸೂ ನಾಣ್ಯವನ್ನು ಧಾರವಾಡದ ಮಗು ಕಂಡಿರಲಿಲ್ಲ. ಆದುದರಿಂದ ಬರಿಯ ಭಾಷಾಂತರ ಸಾಲದು. ಯಾವ ಪ್ರಶ್ನೆ ಯಾವ ವಯಸ್ಸಿಗೆ ಸಲ್ಲುವುದೆಂದು ಇಲ್ಲಿನ ಮಕ್ಕಳಲ್ಲಿಯೇ ಹೊಸದಾಗಿ ನೋಡಬೇಕಿತ್ತು. ಅವರ ಗ್ರಂಥ 1940ರಲ್ಲಿ ಹೊರಬಂದಿತು. ಜಕ್ಕಲಿ, ರೋಣಗಳೆಲ್ಲ ಅಂದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಗದಗ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಬಿನೆಯವರು ತೀರಿಕೊಂಡು ಮೂವತ್ತು ವರ್ಷ ತುಂಬುವ ಮೊದಲೇ, ಅವರ ಪ್ರಶ್ನೆಗಳನ್ನು ಈ ಜಿಲ್ಲೆಯ ಮಕ್ಕಳು ತಮ್ಮ ಮನೆಮಾತಿನಲ್ಲಿ ಕೇಳಿಸಿಕೊಂಡಿದ್ದರು.