ದೀನರ ಊಟಕ್ಕೆ ಸರದಿ ಗೊತ್ತುಮಾಡಿದ ವಿನ್ಸೆಂಟ್ ಡಿ ಪಾಲರು

ಹಸಿದು ಬಂದವನಿಗೆ ಒಂದು ತುತ್ತು ಅನ್ನವಿಕ್ಕಬೇಕೆಂಬುದನ್ನು ನಮ್ಮ ಜನಕ್ಕೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಆದರೆ ಒಂದು ದಿನ ಹತ್ತು ಮನೆಗಳಿಂದ ಅನ್ನ ಬಂದು ಹಳಸಿಹೋಗಿ, ಮರುದಿನ ಒಂದು ಮನೆಯಿಂದಲೂ ಬಾರದೆ ಹೋದರೆ ಆ ಹಸಿದವನ ಗತಿಯೇನು? ನಾಲ್ಕು ನೂರು ವರ್ಷಗಳ ಹಿಂದೆ ಫ್ರಾನ್ಸ್ ದೇಶದ ಒಂದು ಸಣ್ಣ ಊರಿನ ಪಾದ್ರಿಯೊಬ್ಬರು ಈ ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಂಡರು. ಅದಕ್ಕೆ ಅವರು ಕಂಡುಕೊಂಡ ಉತ್ತರದಿಂದ ಕ್ಯಾಥೊಲಿಕ್ ಧರ್ಮಕೇಂದ್ರಗಳಲ್ಲಿ, ಅಂದರೆ ಒಂದೊಂದು ಚರ್ಚಿಗೆ ಸೇರಿದ ಭಕ್ತಸಮುದಾಯಗಳಲ್ಲಿ, ಇಂದಿಗೂ ನಡೆಯುತ್ತಿರುವ ಸೇವಾಸಂಘಗಳ ಒಂದು ದೊಡ್ಡ ಪರಂಪರೆಯೇ ಹುಟ್ಟಿಕೊಂಡಿತು. ಅವರೇ ಸಂತ ವಿನ್ಸೆಂಟ್ ಡಿ ಪಾಲರು. ಅನ್ನ ಬಡಿಸುವುದನ್ನೂ ಲೆಕ್ಕ ಬರೆಯುವುದನ್ನೂ ವೃತ್ತಿಯಾಗಿ ಉಳ್ಳ ನಮ್ಮ ಓದುಗರಿಗೆ ಈ ಮಹನೀಯರ ಜೀವನವು ಇತರರಿಗಿಂತ ಒಂದಿಷ್ಟು ಹೆಚ್ಚು ಹತ್ತಿರವಾದೀತೆಂದು ನಾವು ಭಾವಿಸುತ್ತೇವೆ.

ವಿನ್ಸೆಂಟರು 1581ರ ಸುಮಾರಿಗೆ ಫ್ರಾನ್ಸಿನ ನೈಋತ್ಯ ಭಾಗದ ಗ್ಯಾಸ್ಕನಿ ಪ್ರಾಂತದಲ್ಲಿ, ಪುಯಿ ಎಂಬ ಹಳ್ಳಿಯಲ್ಲಿ ಜನಿಸಿದರು. ರೈತಾಪಿ ಮನೆತನ, ಆರು ಮಂದಿ ಮಕ್ಕಳಲ್ಲಿ ಇವರು ಮೂರನೆಯವರು. ಬಾಲ್ಯದಲ್ಲಿ ಕುರಿಗಳನ್ನೂ ಹಂದಿಗಳನ್ನೂ ಕಾಯುತ್ತಿದ್ದ ಈ ಹುಡುಗನ ಬುದ್ಧಿಯ ಚುರುಕನ್ನು ಕಂಡು, ತಂದೆಯು ಅವನನ್ನು ಹತ್ತಿರದ ದಾಕ್ಸ್ ಪಟ್ಟಣದ ಶಾಲೆಗೆ ಸೇರಿಸಿದನು. ಮಗನು ಪಾದ್ರಿಯಾದರೆ ಮನೆಯ ಬಡತನ ಕಳೆದೀತೆಂಬುದು ಆ ಕಾಲದ ಅನೇಕ ತಂದೆಯರ ಆಸೆಯಾಗಿದ್ದಂತೆ ಈ ತಂದೆಯ ಆಸೆಯೂ ಆಗಿತ್ತು. ಒಮ್ಮೆ ಆತನು ಮಗನನ್ನು ನೋಡಲು ಶಾಲೆಗೆ ಬಂದನು. ಮಾಸಿದ ಬಟ್ಟೆ, ಕುಂಟುವ ಕಾಲು. ಜೊತೆಯ ಹುಡುಗರ ಮುಂದೆ ಇವನು ನನ್ನ ತಂದೆಯೆಂದು ಹೇಳಿಕೊಳ್ಳಲು ನಾಚಿದ ವಿನ್ಸೆಂಟನು ಆತನನ್ನು ಮಾತನಾಡಿಸಲು ಹೊರಗೆ ಬರಲೇ ಇಲ್ಲ. ಅದೇ ತಂದೆಯು ಮುಂದೆ ಜೋಡಿ ಎತ್ತುಗಳನ್ನು ಮಾರಿ ಮಗನ ಉಚ್ಚ ವಿದ್ಯಾಭ್ಯಾಸಕ್ಕೆ ಹಣ ಒದಗಿಸಿದನು. ಈ ಸಂಗತಿ ನಮಗೆ ಗೊತ್ತಾಗಿರುವುದು ವಿನ್ಸೆಂಟರು ಮುಪ್ಪಿನಲ್ಲಿ ತಮ್ಮ ಸಂಗಡಿಗರ ಮುಂದೆ ತಾವಾಗಿಯೇ ಅದನ್ನು ಹೇಳಿಕೊಂಡು ಮರುಗಿದುದರಿಂದ. ಪಟ್ಟಣ ಸೇರಿದ ಮೇಲೆ ಊರಿನ ಹಿರಿಯರ ವೇಷಭಾಷೆಗಳಿಗೆ ನಾಚಿದವರು ನಮ್ಮಲ್ಲಿಯೂ ಇಲ್ಲದಿಲ್ಲ.

1600ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಅವರಿಗೆ ಗುರುದೀಕ್ಷೆಯಾಯಿತು. ತುಲೂಸ್ ನಗರದಲ್ಲಿ ದೈವಶಾಸ್ತ್ರದ ವ್ಯಾಸಂಗವೂ ಮುಗಿಯಿತು. ಆಗಿನ ವಿನ್ಸೆಂಟರಲ್ಲಿ ಸಂತತ್ವದ ಲಕ್ಷಣಗಳನ್ನು ಹುಡುಕಹೋದರೆ ನಿರಾಶೆಯೇ ಆಗುವುದು. ಒಳ್ಳೆಯ ಆದಾಯವುಳ್ಳ ಒಂದು ಚರ್ಚಿನ ಹುದ್ದೆ ಹಿಡಿದು, ಊರಿಗೆ ಮರಳಿ, ತಾಯಿಯ ಬಳಿ ನೆಮ್ಮದಿಯಿಂದಿರಬೇಕೆಂಬುದೇ ಅವರ ಗುರಿಯಾಗಿತ್ತು. 1608ರಲ್ಲಿ ಪ್ಯಾರಿಸಿಗೆ ಬಂದುದೂ ಅದಕ್ಕಾಗಿಯೇ. 1610ರಲ್ಲಿ ತಾಯಿಗೆ ಬರೆದ ಕಾಗದದಲ್ಲಿಯೂ ಅದೇ ಹಂಬಲ ಕಾಣುತ್ತದೆ. ಪ್ಯಾರಿಸಿಗೆ ಬರುವ ಮೊದಲು ಎರಡು ವರ್ಷ ಅವರು ಕಡಲುಗಳ್ಳರಿಗೆ ಸೆರೆಸಿಕ್ಕು ಟ್ಯೂನಿಸಿನಲ್ಲಿ ಗುಲಾಮರಾಗಿದ್ದರೆಂಬ ಕಥೆಯೂ ಉಂಟು; ಇತಿಹಾಸಜ್ಞರಲ್ಲಿ ಅನೇಕರು ಅದನ್ನು ನಂಬುವುದಿಲ್ಲವಾದ್ದರಿಂದ ನಾವು ಅದನ್ನು ಇಲ್ಲಿಗೇ ಬಿಡುತ್ತೇವೆ.

ಪ್ಯಾರಿಸಿನಲ್ಲಿ ಅವರಿಗೆ ಒದಗಿದ ಒಂದು ಕಷ್ಟವು ಮಾತ್ರ ಹೇಳತಕ್ಕದ್ದು. ಒಂದೇ ಕೋಣೆಯಲ್ಲಿ ವಾಸವಾಗಿದ್ದ ಊರಕಡೆಯ ನ್ಯಾಯಾಧೀಶನೊಬ್ಬನ ಹಣ ಕಳುವಾಗಿ, ಆತನು ವಿನ್ಸೆಂಟರ ಮೇಲೆಯೇ ಕಳವಿನ ಆರೋಪ ಹೊರಿಸಿದನು. ಕಂಡಕಂಡವರಲ್ಲಿ ಅದನ್ನು ಸಾರಿದನು. ದೇವರಿಗೆ ಸತ್ಯ ಗೊತ್ತಿದೆಯೆಂದು ನಂಬಿ ವಿನ್ಸೆಂಟರು ಸುಮ್ಮನಾದರು. ವರ್ಷಗಳು ಕಳೆದ ಮೇಲೆ ನಿಜವಾದ ಕಳ್ಳನು ತಾನಾಗಿ ಒಪ್ಪಿಕೊಂಡನು. ಪರಸ್ಥಳದಲ್ಲಿ ಬಾಡಿಗೆಯ ಕೋಣೆಯನ್ನು ನಾಲ್ಕಾರು ಜನರೊಡನೆ ಹಂಚಿಕೊಂಡು ಬಾಳಿದವರಿಗೆ ಇದರ ನೋವನ್ನು ವಿವರಿಸಬೇಕಾಗಿಲ್ಲ.

1612ರಲ್ಲಿ ಪ್ಯಾರಿಸಿನ ಹೊರವಲಯದ ಕ್ಲಿಶಿ ಎಂಬ ಹಳ್ಳಿಯ ಧರ್ಮಕೇಂದ್ರವು ಅವರಿಗೆ ದೊರೆಯಿತು. ಅಲ್ಲಿಯ ಬಡ ರೈತರ ಭಕ್ತಿಯನ್ನೂ ಅವರು ಕೂಡಿ ಹಾಡುವ ಕೀರ್ತನೆಗಳನ್ನೂ ಕಂಡು ಅವರ ಮನಸ್ಸು ತುಂಬಿತು. ಆದರೆ ಮರುವರ್ಷವೇ ಗೋಂದಿ ಎಂಬ ದೊಡ್ಡ ಶ್ರೀಮಂತ ಮನೆತನದಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಹೋಗಬೇಕಾಯಿತು. ಆ ಮನೆಯ ಜಹಗೀರು ಹಳ್ಳಿಗಳಲ್ಲಿ ತಿರುಗಾಡುವಾಗ ಅವರಿಗೆ ಹಳ್ಳಿಗರ ನಿಜವಾದ ಸ್ಥಿತಿ ತಿಳಿಯಿತು. 1617ರ ಜನವರಿಯಲ್ಲಿ, ಊರೆಲ್ಲ ಸಜ್ಜನನೆಂದು ಗೌರವಿಸುತ್ತಿದ್ದ ಒಬ್ಬ ಮುದಿ ರೈತನು ಮರಣಶಯ್ಯೆಯಲ್ಲಿ ಅವರ ಮುಂದೆ ಪಾಪನಿವೇದನೆ ಮಾಡುತ್ತ, ಬದುಕಿನುದ್ದಕ್ಕೂ ಯಾರಿಗೂ ಹೇಳಲಾರದೆ ಹೊತ್ತುಕೊಂಡಿದ್ದ ಭಾರವನ್ನೆಲ್ಲ ಇಳಿಸಿದನು. ಆ ತಿಂಗಳ 25ರಂದು ವಿನ್ಸೆಂಟರು ಫೋಲ್‌ವಿಲ್ ಗ್ರಾಮದ ಚರ್ಚಿನಲ್ಲಿ ಈ ವಿಷಯವಾಗಿ ಪ್ರವಚನ ಮಾಡಲು, ಪಾಪನಿವೇದನೆಗೆ ಬಂದ ಜನರನ್ನು ನಿಭಾಯಿಸಲಾರದೆ ನೆರೆಯ ಪಟ್ಟಣದಿಂದ ಬೇರೆ ಪಾದ್ರಿಗಳನ್ನು ಕರೆಸಬೇಕಾಯಿತು. ಅರಮನೆಯಂಥ ಮನೆಯಲ್ಲಿ ಇನ್ನು ಅವರ ಮನಸ್ಸು ನಿಲ್ಲಲಿಲ್ಲ. ಅದೇ ವರ್ಷ ಅವರು ಅಲ್ಲಿಂದ ಹೊರಟು, ದೂರದ ಪೂರ್ವ ಭಾಗದಲ್ಲಿದ್ದ ಶಾತಿಯೋಂ ಎಂಬ ಸಣ್ಣ ಪಟ್ಟಣದ ಧರ್ಮಗುರುವಾಗಿ ಹೋದರು.

ನಮ್ಮ ಕಥೆಯ ತಿರುಳಿರುವುದು ಇಲ್ಲಿ. ಆಗಸ್ಟ್ ತಿಂಗಳ ಒಂದು ಭಾನುವಾರ ವಿನ್ಸೆಂಟರು ಪೂಜೆಯ ಉಡುಪು ಧರಿಸುತ್ತಿರುವಾಗ ಮಹಿಳೆಯೊಬ್ಬಳು ಬಂದು ಒಂದು ಸುದ್ದಿಯನ್ನು ತಿಳಿಸಿದಳು. ಊರಿನಿಂದ ದೂರದ ಒಂಟಿ ಮನೆಯೊಂದರಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ. ಒಬ್ಬರಿಗೊಬ್ಬರು ನೀರು ಕೊಡುವವರೂ ಇಲ್ಲ. ಅಂದಿನ ಪ್ರವಚನದಲ್ಲಿ ವಿನ್ಸೆಂಟರು ಇದನ್ನೇ ಜನರ ಮುಂದಿಟ್ಟರು. ಮಧ್ಯಾಹ್ನದ ಪ್ರಾರ್ಥನೆಯ ಬಳಿಕ ಅವರು ಆ ಮನೆಯ ದಾರಿ ಹಿಡಿದಾಗ ಕಂಡ ನೋಟ ಆಶ್ಚರ್ಯಕರವಾಗಿತ್ತು. ಜಾತ್ರೆಗೆ ಹೊರಟವರಂತೆ ಜನ ಸಾಲುಗಟ್ಟಿ ಹೋಗುತ್ತಿದ್ದರು, ಬರುತ್ತಿದ್ದರು. ಬಿರುಬಿಸಿಲು, ಹೆಂಗಸರು ದಾರಿಯ ಬದಿಯಲ್ಲಿ ಕುಳಿತು ಆಯಾಸ ಪರಿಹರಿಸಿಕೊಳ್ಳುತ್ತಿದ್ದರು. ರೊಟ್ಟಿ, ಮಾಂಸ, ಇನ್ನೂ ಬಗೆಬಗೆಯ ಪದಾರ್ಥಗಳು ಆ ಬಡವರ ಮನೆಯಲ್ಲಿ ರಾಶಿ ಬಿದ್ದವು.

ಬೇರೆ ಯಾರಾದರೂ ಆಗಿದ್ದರೆ ತಮ್ಮ ಪ್ರವಚನದ ಪ್ರಭಾವಕ್ಕೆ ತಾವೇ ಹಿಗ್ಗುತ್ತಿದ್ದರು. ವಿನ್ಸೆಂಟರಿಗೆ ಕಂಡುದು ಬೇರೆ. ಇಂದು ಬಂದುದರಲ್ಲಿ ಅರ್ಧ ಕೆಟ್ಟುಹೋಗುವುದು. ನಾಳೆ ಜನ ಮರೆಯುವರು. ನಾಡಿದ್ದು ಈ ಮನೆಯವರು ಮೊದಲಿನಂತೆಯೇ ಉಪವಾಸ. ಊರಿನಲ್ಲಿ ದಯೆಗೆ ಕೊರತೆಯಿರಲಿಲ್ಲ, ಏರ್ಪಾಡಿಗೆ ಕೊರತೆಯಿತ್ತು. ಭೋಜನಶಾಲೆ ನಡೆಸಿದವರು ಯಾರೇ ಆಗಲಿ ಈ ಮಾತನ್ನು ಕೂಡಲೇ ಒಪ್ಪುವರು. ಒಂದು ದಿನ ಹಂಡೆ ತುಂಬ ಬೇಯಿಸಿ ಮರುದಿನ ಒಲೆ ಹಚ್ಚದಿದ್ದರೆ ಅಂಗಡಿ ಮುಚ್ಚಬೇಕಾದೀತು. ಧರ್ಮಕಾರ್ಯಕ್ಕೆ ಮಾತ್ರ ಈ ಲೆಕ್ಕ ಬೇಡವೆಂದು ನಾವು ಏಕೋ ತಿಳಿದಿರುತ್ತೇವೆ.

ಆಗಸ್ಟ್ 23ರಂದು ಅವರು ಊರಿನ ಕೆಲವು ಸ್ತ್ರೀಯರನ್ನು ಕೂಡಿಸಿ, ದಿನಕ್ಕೊಬ್ಬರಂತೆ ಸರದಿಯ ಮೇಲೆ ಅಡುಗೆ ಮಾಡಿ ರೋಗಿಗಳಿಗೆ ಒಯ್ದುಕೊಡುವ ಏರ್ಪಾಡನ್ನು ಗೊತ್ತುಮಾಡಿದರು. ಮೂರು ತಿಂಗಳು ಅದನ್ನು ನಡೆಸಿ ನೋಡಿದ ಮೇಲೆ ನಿಯಮಾವಳಿಯನ್ನು ಬರೆದು ಧರ್ಮಾಧಿಕಾರಿಗಳ ಒಪ್ಪಿಗೆ ಪಡೆದರು. ಡಿಸೆಂಬರ್ 8ರಂದು ಸಂಘವು ವಿಧಿಪೂರ್ವಕವಾಗಿ ಸ್ಥಾಪಿತವಾಯಿತು.

ಆ ನಿಯಮಾವಳಿಯನ್ನು ಓದಿದಾಗ ನಮಗೆ ಅದು ಧರ್ಮಗ್ರಂಥಕ್ಕಿಂತ ಹೆಚ್ಚಾಗಿ ಒಬ್ಬ ಅನುಭವಶಾಲಿ ಮನೆಯೊಡತಿಯ ಸೂಚನೆಗಳಂತೆ ತೋರಿತು. ಪ್ರತಿಯೊಬ್ಬ ರೋಗಿಗೆ ಬೇಕಾದಷ್ಟು ರೊಟ್ಟಿ, ಐದು ಔನ್ಸು ಮಾಂಸ, ಒಂದು ಬಟ್ಟಲು ಸಾರು, ಸ್ವಲ್ಪ ದ್ರಾಕ್ಷಾರಸ. ಮಾಂಸ ವರ್ಜ್ಯವಾದ ದಿನಗಳಲ್ಲಿ ಎರಡು ಮೊಟ್ಟೆ, ಸ್ವಲ್ಪ ಬೆಣ್ಣೆ. ಗಟ್ಟಿ ಆಹಾರ ಸೇರದವರಿಗೆ ದಿನಕ್ಕೆ ಮೂರು ನಾಲ್ಕು ಸಲ ತೆಳುವಾದ ಸಾರು, ಬಾರ್ಲಿ ನೀರು. ಬಡಿಸುವ ಕ್ರಮವೂ ಅದರಲ್ಲಿದೆ. ಒಳಗೆ ಬಂದೊಡನೆ ನಗುಮುಖದಿಂದ ಮಾತನಾಡಿಸಬೇಕು; ಹಾಸಿಗೆಯ ಮೇಲೆ ಮಣೆಯಿಟ್ಟು ಬಟ್ಟೆ ಹಾಸಬೇಕು; ಲೋಟ, ಚಮಚ, ರೊಟ್ಟಿ ಇಟ್ಟು, ರೋಗಿಯ ಕೈ ತೊಳೆಸಿ, ಪ್ರಾರ್ಥನೆ ಹೇಳಿ, ಬಳಿಕ ಬಡಿಸಬೇಕು. ಮಗನನ್ನು ಉಪಚರಿಸುವಂತೆ ಉಪಚರಿಸಬೇಕು. ಬೇಕಾದರೆ ಮಾಂಸವನ್ನು ತುಂಡುಮಾಡಿ ಕೊಡಬೇಕು. ಇನ್ನೊಂದು ನಿಯಮವನ್ನು ನಾವು ವಿಶೇಷವಾಗಿ ಹೇಳಬಯಸುತ್ತೇವೆ. ಮನೆಯಲ್ಲಿ ಬೇರೆಯವರಿರುವ ರೋಗಿಯಿಂದ ಪ್ರಾರಂಭಿಸಿ, ಯಾರೂ ಇಲ್ಲದ ಒಂಟಿ ರೋಗಿಯ ಬಳಿಗೆ ಕಟ್ಟಕಡೆಗೆ ಹೋಗಬೇಕು. ಕಾರಣ, ಮುಂದೆ ಹೋಗಬೇಕಾದ ಮನೆ ಬೇರೆ ಇಲ್ಲದಿದ್ದರೆ ಅವನ ಬಳಿ ಹೆಚ್ಚು ಹೊತ್ತು ಕುಳಿತುಕೊಳ್ಳಬಹುದು. ಇಂಥ ಸೂಕ್ಷ್ಮವು ಪುಸ್ತಕದಿಂದ ಬರುವುದಲ್ಲ.

ಹಣದ ವಿಷಯದಲ್ಲಿಯೂ ಅಷ್ಟೇ ಎಚ್ಚರಿಕೆ. ಸಂಘದ ಪೆಟ್ಟಿಗೆಗೆ ಎರಡು ಬೇರೆ ಬೇರೆ ಬೀಗಗಳು. ಒಂದರ ಕೀಲಿಕೈ ಅಧ್ಯಕ್ಷೆಯ ಬಳಿ, ಇನ್ನೊಂದರದು ಸಹಾಯಕಿಯ ಬಳಿ. ಜಮಾಖರ್ಚನ್ನು ನೋಡಿಕೊಳ್ಳಲು ಒಬ್ಬ ನಂಬಿಕಸ್ಥನಾದ ಗುಮಾಸ್ತನಂಥವನು ಬೇರೆ. ವರ್ಷಕ್ಕೊಮ್ಮೆ ಊರಿನ ಧರ್ಮಗುರುವೇ ಮೊದಲಾದವರ ಎದುರಿಗೆ ಲೆಕ್ಕ ಒಪ್ಪಿಸಬೇಕು. ಸದಸ್ಯರೆಲ್ಲ ಒಳ್ಳೆಯವರೇ ಎಂದು ವಿನ್ಸೆಂಟರು ಬಲ್ಲರು. ಆದರೂ ಬೀಗ ಎರಡು.

ಕೆಲವು ತಿಂಗಳಲ್ಲಿಯೇ ಅವರು ಪ್ಯಾರಿಸಿಗೂ ಗೋಂದಿ ಮನೆಗೂ ಮರಳಬೇಕಾಯಿತಾದರೂ, ಇಂಥ ಸಂಘಗಳು ಊರೂರಿಗೆ ಹಬ್ಬಿದವು. 1620ರಲ್ಲಿ ಫೋಲ್‌ವಿಲ್‌ನಲ್ಲಿ ಗಂಡಸರ ಸಂಘವೂ ಆಯಿತು. 1621ರಲ್ಲಿ ಮಾಕೋಂ ನಗರದಲ್ಲಿ ಬೀದಿ ತುಂಬಿದ್ದ ಭಿಕ್ಷುಕರ ಪಟ್ಟಿಮಾಡಿ ನಿಯತವಾಗಿ ಅನ್ನ ಕೊಡುವ ಕೆಲಸಕ್ಕೆ ಕೈಹಾಕಿದಾಗ ಜನ ಬೀದಿಯಲ್ಲಿ ಬೆರಳು ತೋರಿಸಿ ನಕ್ಕರು. ಕೆಲಸ ನೆರವೇರಿದಾಗ ಅದೇ ಜನ ಕಣ್ಣೀರಿಟ್ಟು ಬೀಳ್ಕೊಟ್ಟರು.

ಈ ದಿನಗಳಲ್ಲಿಯೇ ಅವರು ಒಮ್ಮೆ ಹುಟ್ಟೂರಿಗೆ ಹೋಗಿಬಂದರು. ಹೊರಡುವಾಗ ಒಡಹುಟ್ಟಿದವರ ಬಡತನವನ್ನು ನೆನೆದು ದಾರಿಯುದ್ದಕ್ಕೂ ಅತ್ತರು. ತಮ್ಮ ಕೈಯ ಮೂಲಕ ಹಾದುಹೋಗುವ ಹಣದಲ್ಲಿ ಅವರಿಗೂ ಸ್ವಲ್ಪ ಕಳಿಸಬೇಕೆಂಬ ಆಸೆ ಮೂರು ತಿಂಗಳು ಅವರನ್ನು ಕಾಡಿತು. ಕೊನೆಗೆ, ಅದು ಬಡವರ ಹಣವೆಂದು ನಿಶ್ಚಯಿಸಿ ಆಸೆಯನ್ನು ತೊರೆದರು. ತಿಂಗಳು ತಿಂಗಳು ಊರಿಗೆ ಹಣ ಕಳಿಸಿ ಮನೆಯನ್ನು ಸಾಕಿದ ನಮ್ಮವರಿಗೆ ಈ ನಿಷ್ಠುರತೆ ಒಪ್ಪಿಗೆಯಾಗುವುದು ಕಷ್ಟ. ನಮಗೂ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಎರಡು ಬೀಗದ ಪೆಟ್ಟಿಗೆಯ ನಿಯಮ ಬರೆದವರು ತಮ್ಮನ್ನು ಅದರಿಂದ ಹೊರಗಿಡಲಿಲ್ಲವೆಂಬುದನ್ನು ಮೆಚ್ಚಲೇಬೇಕು.

1625ರಲ್ಲಿ ಗೋಂದಿ ದಂಪತಿಗಳ ಹಣಸಹಾಯದಿಂದ, ಹಳ್ಳಿಗಳಲ್ಲಿ ಧರ್ಮಬೋಧನೆ ಮಾಡುವ ಪಾದ್ರಿಗಳ ಸಂಸ್ಥೆಯೊಂದನ್ನು ಅವರು ಸ್ಥಾಪಿಸಿದರು. ಅಷ್ಟರಲ್ಲಿ ಪ್ಯಾರಿಸಿನ ಸೇವಾಸಂಘಗಳಲ್ಲಿ ಒಂದು ತೊಡಕು ತಲೆದೋರಿತ್ತು. ಸಂಘಕ್ಕೆ ಸೇರಿದ ಸಿರಿವಂತ ಸ್ತ್ರೀಯರು ಹಣ ಕೊಡುವರು. ಸಾರಿನ ಪಾತ್ರೆ ಹೊತ್ತು ಕೊಳಕು ಮೆಟ್ಟಿಲು ಹತ್ತುವ ಸರದಿ ಬಂದಾಗ ಮನೆಯ ಆಳುಗಳನ್ನು ಕಳಿಸುವರು. ಆಗ ಸುರೇನ್ ಹಳ್ಳಿಯ ಮಾರ್ಗರೀತ್ ನಾಸೋ ಎಂಬ ದನಕಾಯುವ ಹುಡುಗಿ ತಾನಾಗಿಯೇ ಮುಂದೆ ಬಂದಳು. ದನ ಕಾಯುತ್ತ, ದಾರಿಹೋಕರನ್ನು ಅಕ್ಷರಗಳ ಹೆಸರು ಕೇಳಿ ಓದು ಕಲಿತವಳು ಆಕೆ. ಕಲಿತುದನ್ನು ಬೇರೆ ಹುಡುಗಿಯರಿಗೂ ಕಲಿಸಿದವಳು. ಪ್ಲೇಗು ತಗಲಿದ ಹೆಂಗಸೊಬ್ಬಳನ್ನು ತನ್ನ ಹಾಸಿಗೆಯಲ್ಲಿಯೇ ಮಲಗಿಸಿಕೊಂಡು, ಅದೇ ರೋಗದಿಂದ 1633ರಲ್ಲಿ ತೀರಿಕೊಂಡಳು. ಆ ವರ್ಷದ ನವೆಂಬರ್ 29ರಂದು, ಲೂಯಿಸ್ ದ ಮರಿಯಾಕ್ ಎಂಬ ವಿಧವೆಯ ಮನೆಯಲ್ಲಿ ಇಂಥ ಕೆಲವು ಹಳ್ಳಿಯ ಹುಡುಗಿಯರು ಕೂಡಿ ಬಾಳತೊಡಗಿದರು. ಹೀಗೆ ಹುಟ್ಟಿದ್ದು ಸೇವಾಭಗಿನಿಯರ ಸಂಸ್ಥೆ. ಆ ಕಾಲದ ಧರ್ಮಭಗಿನಿಯರು ಮಠದ ಗೋಡೆಯೊಳಗೆ ಇರತಕ್ಕವರು. ಇವರಿಗೆ ಗೋಡೆಯಿಲ್ಲ, ಕೇರಿಯ ಚರ್ಚೇ ಇವರ ಪ್ರಾರ್ಥನಾಲಯ, ಬೀದಿಗಳೇ ಇವರ ಅಂಗಳ. ಲೂಯಿಸ್ ಅವರು ಊರೂರು ತಿರುಗಿ ಸಂಘಗಳ ಲೆಕ್ಕಪತ್ರ, ಅಡುಗೆ, ಸೇವೆ ಎಲ್ಲವನ್ನೂ ಪರೀಕ್ಷಿಸುತ್ತಿದ್ದರು. ಇವರಿಲ್ಲದಿದ್ದರೆ ವಿನ್ಸೆಂಟರ ಯೋಜನೆಗಳಲ್ಲಿ ಎಷ್ಟು ಉಳಿಯುತ್ತಿದ್ದವೋ ಹೇಳಲಾಗದು.

ಮುಂದಿನ ಕಾರ್ಯಗಳನ್ನೆಲ್ಲ ವಿವರಿಸಲು ಸ್ಥಳವಿಲ್ಲ. 1638ರಿಂದ ಬೀದಿಯಲ್ಲಿ ಎಸೆದುಹೋದ ಶಿಶುಗಳನ್ನು ಸಾಕುವ ಹೊಣೆ. ಯುದ್ಧದಿಂದ ಹಾಳಾದ ಲೊರೇನ್, ಪಿಕಾರ್ಡಿ, ಶಾಂಪೇನ್ ಪ್ರಾಂತಗಳಿಗೆ ನೆರವು. 1650ರ ಬಳಿಕ ಆ ಪ್ರಾಂತಗಳ ದುಃಸ್ಥಿತಿಯನ್ನು ಕಣ್ಣಾರೆ ಕಂಡವರ ಕಾಗದಗಳಿಂದ ಸುದ್ದಿ ಆಯ್ದು, ಹಾಳೆಗಳಲ್ಲಿ ಅಚ್ಚುಹಾಕಿಸಿ, ಪ್ಯಾರಿಸಿನ ಮನೆಮನೆಗೆ ಹಂಚಿಸಿ ಹಣ ಕೂಡಿಸಿದರೆಂಬುದನ್ನು ಪತ್ರಿಕೆಯವರಾದ ನಾವು ಮೆಚ್ಚುಗೆಯಿಂದ ನೆನೆಯುತ್ತೇವೆ.

1660ರ ಮಾರ್ಚಿಯಲ್ಲಿ ಲೂಯಿಸ್ ತೀರಿಕೊಂಡರು. ಕಾಲು ಬಾತು ನಡೆಯಲಾರದಾಗಿದ್ದ ವಿನ್ಸೆಂಟರು ಅದೇ ವರ್ಷ ಸೆಪ್ಟೆಂಬರ್ 27ರ ಬೆಳಗಿನ ಜಾವ, ಕುರ್ಚಿಯಲ್ಲಿ ಕುಳಿತಂತೆಯೇ ಪ್ರಾಣಬಿಟ್ಟರು. 1737ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. 1833ರಲ್ಲಿ ಪ್ಯಾರಿಸಿನ ವಿದ್ಯಾರ್ಥಿ ಫ್ರೆಡರಿಕ್ ಓಜಾನಾಂ ಮತ್ತು ಸಂಗಡಿಗರು ಬಡವರ ಮನೆಗಳಿಗೆ ಹೋಗಿ ನೆರವಾಗಲು ಕಟ್ಟಿದ ಸಂಘವು ಮುಂದೆ ವಿನ್ಸೆಂಟರ ಹೆಸರನ್ನೇ ತಳೆಯಿತು. ಮುಂಬಯಿಯಲ್ಲಿಯೂ ಮಂಗಳೂರಿನಲ್ಲಿಯೂ ಅನೇಕ ಚರ್ಚುಗಳಲ್ಲಿ ಆ ಸಂಘದ ಶಾಖೆಗಳಿವೆ. ಅದರ ಸದಸ್ಯರು ಕೆಲಸದಿಂದ ಬಿಡುವಾದ ಹೊತ್ತಿನಲ್ಲಿ ಇಬ್ಬಿಬ್ಬರಾಗಿ ಬಡವರ ಮನೆಗಳಿಗೆ ಹೋಗುತ್ತಾರೆ. ಒಬ್ಬರೇ ಹೋಗುವ ಪದ್ಧತಿಯಿಲ್ಲ.